ಇಳಿಜಾರಿನಿಂದ ಮೊದಲಾಗುವ ಘಟ್ಟ

ಬೆಳಗಾವಿ ಜಿಲ್ಲೆಯ ಭೂಪಟದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಮೂರು ಹೆಸರುಗಳ ನಡುವೆ ಬೆರಳಿಟ್ಟರೆ ಅರಭಾವಿಯ ಸೀಮೆ ಸಿಕ್ಕುತ್ತದೆ. ಅರಭಾವಿ ಒಂದು ಊರಿನ ಹೆಸರು. ಒಂದು ವಿಧಾನಸಭಾ ಕ್ಷೇತ್ರದ ಹೆಸರೂ ಹೌದು. ದುರದುಂಡೇಶ್ವರ ಮಠದಿಂದಾಗಿ ಭಕ್ತರಿಗೂ, ಕಿತ್ತೂರು ರಾಣಿ ಚೆನ್ನಮ್ಮನ ಹೆಸರು ಹೊತ್ತ ತೋಟಗಾರಿಕೆ ಕಾಲೇಜಿನಿಂದಾಗಿ ವಿದ್ಯಾರ್ಥಿಗಳಿಗೂ ಈ ಊರು ಪರಿಚಿತ. ಉಳಿದಂತೆ ಕಣ್ಣು ಹಾಯುವವರೆಗೂ ಕಬ್ಬು. ನಡುನಡುವೆ ಕಾಲುವೆ, ಕಾಲುವೆಯ ದಂಡೆಯ ಮೇಲೆ ಜಾಲಿ, ದೂರದಲ್ಲಿ ಸಕ್ಕರೆ ಕಾರ್ಖಾನೆಯ ಹೊಗೆಕೊಳವೆ.

ಗೋಕಾಕದ ಬಳಿಯ ಗುಡ್ಡಗಳನ್ನು ಬಿಟ್ಟರೆ ಇದು ಬಯಲು ಸೀಮೆ. ರಸ್ತೆಗಳು ಬಹುಮಟ್ಟಿಗೆ ನೇರ. ಟ್ರ್ಯಾಕ್ಟರು, ಜೀಪು, ಭಾರ ಹೊರುವ ಗಾಡಿ ಇವೇ ಇಲ್ಲಿಗೆ ಒಪ್ಪುವ ವಾಹನಗಳೆಂದು ಯಾರಿಗಾದರೂ ತೋರಬಹುದು. ಆದರೆ ಈಚಿನ ವರ್ಷಗಳಲ್ಲಿ ಇಲ್ಲಿನ ತರುಣರ ಮನಸ್ಸು ಬೇರೊಂದು ವಾಹನದ ಕಡೆಗೆ ಹರಿದಿದೆ. ತಗ್ಗಾಗಿ ಕುಳಿತು, ಹಿಂದೆ ಸಾಮಾನು ಪೆಟ್ಟಿಗೆ ಹೊತ್ತು, ಮುಂದೆ ಟರ್ಬೊ ಇಂಜಿನನ್ನು ಅಡಗಿಸಿಕೊಂಡ ಸೆಡಾನ್ ಕಾರು ಅದು. ಮಳೆಗಾಲದಲ್ಲಿ ಅಂಬೋಲಿಯ ಮಂಜಿನಲ್ಲಿ ನಿಂತ ಕಾರುಗಳ ಸಾಲನ್ನು ನೋಡಿದರೆ ಗೋಕಾಕದ ಗುರುತಾದ ಕೆಎ-49 ಎಂಬ ಫಲಕ ಕಣ್ಣಿಗೆ ಬೀಳುವುದು ಕಷ್ಟವಲ್ಲ.

ಹೊಸ ಕಾರಿನ ಮಾತು ಬಂದಾಗ ಇಲ್ಲಿನ ಮನೆಗಳಲ್ಲಿ ನಡೆಯುವ ಸಂವಾದವೂ ಸ್ವಾರಸ್ಯವಾದದ್ದೇ. ಮಗ ಅಶ್ವಶಕ್ತಿಯ ಲೆಕ್ಕ ಹೇಳುತ್ತಾನೆ. ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡು ಎಂಬುದನ್ನು ವರ್ಣಿಸುತ್ತಾನೆ. ಎತ್ತಿನ ಬಂಡಿ ಹೂಡಿ ಬೆಳೆದ ತಂದೆ ಎಲ್ಲವನ್ನೂ ಕೇಳಿ, “ಏರಾಕ ಎಂಥಾ ಗಾಡೀನೂ ಏರತೈತಿ. ಇಳಿಯೂ ಮುಂದ ಹೆಂಗ ನಿಲ್ಲತೈತಿ, ಅದನ್ನ ಹೇಳೋ ತಮ್ಮಾ” ಎನ್ನುತ್ತಾನೆ. ಮಗನಿಗೆ ಇದು ಹಳೆಯ ಕಾಲದ ಅಂಜಿಕೆಯೆಂದು ತೋರಬಹುದು. ಆದರೆ ಈ ಸೀಮೆಯ ಭೂಗೋಳವನ್ನು ಬಲ್ಲವರು ಮುದುಕನ ಪ್ರಶ್ನೆಯೇ ಸರಿಯೆಂದು ಒಪ್ಪಬೇಕಾಗುತ್ತದೆ.

ನದಿಯ ಬೆನ್ನು ಹಿಡಿದು

ಅರಭಾವಿಯಿಂದ ಘಟ್ಟಕ್ಕೆ ಹೋಗಲು ಮುಖ್ಯವಾಗಿ ಎರಡು ದಾರಿಗಳುಂಟು. ಒಂದು, ಬೆಳಗಾವಿಗೆ ಹೋಗಿ ಅಲ್ಲಿಂದ ಜಾಂಬೋಟಿ, ಕಣಕುಂಬಿಗಳ ಮೂಲಕ ಚೋರ್ಲಾ ಘಟ್ಟವನ್ನಿಳಿದು ಗೋವೆಯನ್ನು ಸೇರುವುದು. ಮಲಪ್ರಭೆ ಹುಟ್ಟುವ ಕಣಕುಂಬಿ ಈ ದಾರಿಯಲ್ಲಿಯೇ ಸಿಕ್ಕುತ್ತದೆ. ಇನ್ನೊಂದು, ಹುಕ್ಕೇರಿ, ಸಂಕೇಶ್ವರ, ಗಡಹಿಂಗ್ಲಜ, ಆಜರಾಗಳ ಮೂಲಕ ಅಂಬೋಲಿಗೆ ಹೋಗಿ ಸಾವಂತವಾಡಿಗೆ ಇಳಿಯುವುದು.

ಎರಡನೆಯ ದಾರಿಯ ಸೊಗಸೇ ಬೇರೆ. ಅದು ನದಿಗಳ ಬೆನ್ನು ಹಿಡಿದು ಹೋಗುವ ದಾರಿ. ಗೋಕಾಕದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯನ್ನು ಹಿಂದೆ ಬಿಟ್ಟು ಹೊರಟರೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅದೇ ನದಿ ರಾಜಾ ಲಖಮಗೌಡ ಜಲಾಶಯವಾಗಿ ನಿಂತಿದೆ. ಸಂಕೇಶ್ವರಕ್ಕೆ ಬಂದರೆ ಘಟಪ್ರಭೆಯ ಉಪನದಿ ಹಿರಣ್ಯಕೇಶಿ ಜೊತೆಗೂಡುತ್ತದೆ. ಗಡಹಿಂಗ್ಲಜದ ಪೇಟೆಯಲ್ಲಿ ಮರಾಠಿಯ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಮುಂದೆ ಕಬ್ಬು ವಿರಳವಾಗಿ ಬತ್ತದ ಗದ್ದೆಗಳು ಕಾಣಿಸಿಕೊಳ್ಳುತ್ತವೆ. ಆಜರಾದ ಪರಿಮಳದ ಘನಸಾಳ ಅಕ್ಕಿಗೆ ದೂರದೂರದಲ್ಲಿ ಹೆಸರಿದೆ. ಕೊನೆಗೆ ಅಂಬೋಲಿಯಲ್ಲಿ, ಕಲ್ಲಿನ ಗುಹೆಯೊಂದರಿಂದ ಹೊರಬರುವ ಹಿರಣ್ಯಕೇಶಿಯ ಮೂಲವನ್ನೇ ನೋಡಬಹುದು. ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿದರೆ, ಗೋಕಾಕದ ಬಯಲಿಗೆ ಅದರ ಹತ್ತರಲ್ಲೊಂದು ಪಾಲೂ ದಕ್ಕುವುದು ಕಷ್ಟ. ಬಯಲಿನ ಕಬ್ಬು ಬೆಳೆಯುವುದು ಘಟ್ಟದಲ್ಲಿ ಸುರಿದ ಮಳೆಯಿಂದ. ಕಬ್ಬಿನ ಹಣದಿಂದ ಕೊಂಡ ಕಾರು ತಿರುಗಿ ಆ ಮಳೆಯನ್ನು ನೋಡಲು ಹೋಗುತ್ತದೆ.

ಈಗ ಎತ್ತರದ ಲೆಕ್ಕವನ್ನು ಗಮನಿಸಬೇಕು. ಗೋಕಾಕದ ಬಯಲು ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಅಂಬೋಲಿಯ ಎತ್ತರ ಸುಮಾರು 690 ಮೀಟರ್. ಎಂದರೆ ನೂರು ಕಿಲೋಮೀಟರಿಗೂ ಹೆಚ್ಚಿನ ಈ ಪಯಣದಲ್ಲಿ, ದಾರಿಯ ಸಣ್ಣಪುಟ್ಟ ಏರಿಳಿತಗಳನ್ನು ಬಿಟ್ಟರೆ, ಒಟ್ಟು ಏರುವುದು 150 ಮೀಟರಿನಷ್ಟು ಮಾತ್ರ. ಅಂಬೋಲಿ ದಾಟಿದೊಡನೆ ದಾಣೋಲಿಯ ಕಡೆಗೆ ನೆಲ ಕುಸಿದಂತೆ ರಸ್ತೆ ಸುಮಾರು 600 ಮೀಟರ್ ಇಳಿಯುತ್ತದೆ. ಕೊಂಕಣದಿಂದ ಬರುವವನಿಗೆ ಸಹ್ಯಾದ್ರಿ ಎದುರು ನಿಂತ ಗೋಡೆ. ಅವನು ಮೊದಲು ಏರಬೇಕು. ಅರಭಾವಿಯವನಾದರೋ ಆ ಗೋಡೆಯ ಮೇಲೆಯೇ ಮನೆ ಕಟ್ಟಿಕೊಂಡವನು. ಅವನ ಪಾಲಿಗೆ ಘಟ್ಟವೆಂಬುದು ಇಳಿಜಾರಿನಿಂದ ಮೊದಲಾಗುತ್ತದೆ. ಆದ್ದರಿಂದ ಅವನು ಕೊಳ್ಳುವ ಕಾರಿಗೆ ಮೊದಲ ಪರೀಕ್ಷೆ ನಡೆಯುವುದು ಇಂಜಿನಿನಲ್ಲಲ್ಲ, ಬ್ರೇಕಿನಲ್ಲಿ.

ಟರ್ಬೊ ಎಂದರೇನು?

ಇಷ್ಟು ಹೇಳಿದ ಮಾತ್ರಕ್ಕೆ ಟರ್ಬೊ ಇಂಜಿನನ್ನು ಹಳಿದಂತಾಗಲಿಲ್ಲ. ಅದು ಜಾಣತನದ ಯಂತ್ರ. ಬೆಂಕಿ ಚೆನ್ನಾಗಿ ಉರಿಯಬೇಕಾದರೆ ಗಾಳಿ ಬೇಕು. ಕಮ್ಮಾರನ ತಿದಿ ಮಾಡುವ ಕೆಲಸವನ್ನೇ ಟರ್ಬೊ ಮಾಡುತ್ತದೆ. ತಿದಿಯನ್ನೊತ್ತಲು ಆಳು ಬೇಕು. ಇಲ್ಲಿ ಇಂಜಿನು ಹೊರಗೆಸೆಯುವ ಬಿಸಿ ಹೊಗೆಯೇ ಆಳು. ಆ ಹೊಗೆ ಒಂದು ಪುಟ್ಟ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನಿನೊಳಗೆ ತುಂಬುತ್ತದೆ. ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರು ಈ ಉಪಾಯಕ್ಕೆ 1905ರಲ್ಲಿ ಹಕ್ಕುಪತ್ರ ಪಡೆದ. ಮನೆಮಂದಿ ಓಡಾಡುವ ಕಾರಿಗೆ ಅದು ಬಂದುದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಮತ್ತು ಷೆವರ್ಲೆ ಕಾರುಗಳ ಮೂಲಕ. ನಮ್ಮ ದೇಶದ ಪೇಟೆಗೆ 2004ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇಲ್ಲಿನ ಮೊದಮೊದಲ ಟರ್ಬೊ ಪೆಟ್ರೋಲ್ ಸೆಡಾನುಗಳಲ್ಲಿ ಒಂದು, ಅದರ 1.8 ಲೀಟರಿನ ಇಂಜಿನಿಗೆ 150 ಅಶ್ವಶಕ್ತಿ. 2020ರಲ್ಲಿ ಅದೇ ಹೆಸರಿನ 245 ಅಶ್ವಶಕ್ತಿಯ ಕಾರು ಬಂದಾಗ ಭಾರತಕ್ಕೆಂದು ತರಿಸಿದ್ದು 200 ಮಾತ್ರ.

ಅಂದು ಸಿರಿವಂತರ ಸೊತ್ತಾಗಿದ್ದ ಆ ಶಕ್ತಿ 2022ರ ಹೊತ್ತಿಗೆ ಮಧ್ಯಮ ವರ್ಗದ ಕೈಗೂ ಎಟುಕಿತು. ಆ ವರ್ಷ ಬಂದ ಸ್ಕೋಡಾ ಸ್ಲೇವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್ ಕಾರುಗಳ 1.5 ಲೀಟರಿನ ಇಂಜಿನಿಗೆ 150 ಅಶ್ವಶಕ್ತಿ; ಒಂದು ಲೀಟರಿನ ಇಂಜಿನಿಗೆ 115. ಮರುವರ್ಷದ ಹ್ಯುಂಡೈ ವರ್ನಾದ ಟರ್ಬೊ 160ನ್ನು ಮುಟ್ಟಿತು. ಘಟ್ಟದಲ್ಲಿ ಇವುಗಳ ಗುಣವಿರುವುದು ಅಶ್ವಶಕ್ತಿಗಿಂತ ಹೆಚ್ಚಾಗಿ ಎಳೆತದ ಬಲದಲ್ಲಿ. ಸ್ಲೇವಿಯಾದ ದೊಡ್ಡ ಇಂಜಿನು ನಿಮಿಷಕ್ಕೆ 1,600 ಸುತ್ತು ತಿರುಗುವಷ್ಟರಲ್ಲೇ ತನ್ನ ಪೂರ್ಣ ಎಳೆತವಾದ 250 ನ್ಯೂಟನ್ ಮೀಟರನ್ನು ಕೊಡುತ್ತದೆ. ತಿರುವಿನಲ್ಲಿ ನಿಧಾನಿಸಿ ಮತ್ತೆ ಏರುವಾಗ ಇಂಜಿನನ್ನು ಅರಚಿಸಬೇಕಾಗಿಲ್ಲ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಸಾಮಾನ್ಯ ಇಂಜಿನು ಸೊರಗುತ್ತದೆ, ಟರ್ಬೊ ಸೊರಗುವುದಿಲ್ಲ ಎಂದು ಮಾರಾಟಗಾರರು ಹೇಳುವುದುಂಟು. ಮಾತು ನಿಜ; ಆದರೆ ಅದರ ಬೆಲೆ ಕಾಣುವುದು ಹಿಮಾಲಯದಲ್ಲಿ. ನೂರು ಮೀಟರಿಗೆ ನೂರಕ್ಕೊಂದು ಪಾಲಿನಂತೆ ಶಕ್ತಿ ಇಳಿಯುತ್ತದೆಂದು ಹಿಡಿದರೂ, ಗೋಕಾಕದಿಂದ ಅಂಬೋಲಿಗೆ ಹೋದ ಕಾರು ಕಳೆದುಕೊಳ್ಳುವುದು ಅತ್ಯಲ್ಪ.

ಕೊಳ್ಳುವ ಮುನ್ನ

ಹೊಸ ಕಾರು ಕೊಳ್ಳುವವರು ಅಂಗಡಿಯ ಬೆಲೆಗೇ ಮರುಳಾಗಬಾರದು. ನಾಲ್ಕು ಮೀಟರಿಗಿಂತ ಉದ್ದವಾದ ಈ ಸೆಡಾನುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 40 ಆಗಿದೆ. ಅದರ ಮೇಲೆ ಕರ್ನಾಟಕದ ರಸ್ತೆ ತೆರಿಗೆಯ ಹೊರೆಯೂ ಹಗುರವಲ್ಲ. ಹಳೆಯ ಕಾರನ್ನು ಕೊಲ್ಹಾಪುರದಲ್ಲೋ ಪುಣೆಯಲ್ಲೋ ಅಗ್ಗಕ್ಕೆ ಹಿಡಿಯೋಣವೆಂಬ ಆಸೆ ಗಡಿಸೀಮೆಯವರಿಗೆ ಸಹಜವೇ. ಅಂಥವರು ಆ ರಾಜ್ಯದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ, ಹೊಸ ನಂಬರು ಪಡೆಯುವ ಖರ್ಚನ್ನೂ ಓಡಾಟವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಹಳೆಯ ಟರ್ಬೊ ಕಾರನ್ನು ನೋಡುವಾಗ ಬಣ್ಣಕ್ಕಿಂತ ಎಣ್ಣೆಯ ಚರಿತ್ರೆ ಮುಖ್ಯ. ಕೆಂಪಗೆ ಕಾಯುವ ಟರ್ಬೊದ ಅಚ್ಚು ತೇಲುವುದು ಎಣ್ಣೆಯ ತೆಳುಪದರದ ಮೇಲೆ. ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸದ ಕಾರು ಹೊರಗೆಷ್ಟು ಹೊಳೆದರೂ ಒಳಗೆ ಸವೆದಿರುತ್ತದೆ. ಇಂಜಿನು ಹಿಡಿದೊಡನೆ ನೀಲಿಹೊಗೆ ಬರುವುದೇ, ವೇಗ ಹೆಚ್ಚಿಸಿದಾಗ ಅಸಹಜವಾದ ಸಿಳ್ಳು ಕೇಳುವುದೇ ಎಂಬುದನ್ನು ತಿಳಿದವರಿಂದ ಪರೀಕ್ಷಿಸಬೇಕು. ಟೈರಿನ ಮಗ್ಗುಲಲ್ಲಿ ಅದು ಹುಟ್ಟಿದ ವಾರವೂ ವರ್ಷವೂ ನಾಲ್ಕು ಅಂಕಿಗಳಲ್ಲಿ ಇರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರವೆಂದು ತಿಳಿಯಬೇಕು. ಹೂವು ಸವೆಯದಿದ್ದರೂ ರಬ್ಬರು ಮುಪ್ಪಾಗಿರಬಹುದು.

ಇನ್ನು ಪೆಟ್ರೋಲಿನ ಮಾತು. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು 2025ರ ಹೊತ್ತಿಗೆ ದೇಶದ ತುಂಬ ಹರಡಿತು. ಕಬ್ಬಿನ ಸೀಮೆಗೆ ಇದು ದೂರದ ಸುದ್ದಿಯಲ್ಲ. ಹೊಲದ ಕಬ್ಬೇ ಕಾರ್ಖಾನೆಯಲ್ಲಿ ರೂಪಾಂತರ ಹೊಂದಿ ಕಾರಿನ ಟ್ಯಾಂಕಿಗೆ ಬರುತ್ತದೆ. ಎಥನಾಲು ಒತ್ತಡವನ್ನು ಚೆನ್ನಾಗಿ ತಡೆಯುವುದರಿಂದ ಟರ್ಬೊ ಇಂಜಿನು ಕುಟ್ಟುವ ಭಯ ಕಡಿಮೆ. ಆದರೆ ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಮೂರರಲ್ಲೆರಡು ಪಾಲಿನಷ್ಟೇ ಶಕ್ತಿಯಿದೆ. ಮೈಲೇಜು ಸ್ವಲ್ಪ ಇಳಿದರೆ ಬೇಸರಪಡಬೇಕಾಗಿಲ್ಲ. 2023ರ ಏಪ್ರಿಲಿಗಿಂತ ಹಿಂದಿನ ಕಾರಾದರೆ ಇಂಧನದ ರಬ್ಬರು ನಳಿಕೆಗಳು ಈ ಮಿಶ್ರಣವನ್ನು ತಾಳುವವೇ ಎಂದು ತಯಾರಕರ ಕೈಪಿಡಿಯಲ್ಲಿ ನೋಡುವುದು ಲೇಸು.

ಕಾರಿನ ಮೇಲಣ ಖರ್ಚು

ಕಾರು ಮನೆಗೆ ಬಂದು ಪೂಜೆ ಮುಗಿಯುತ್ತಲೇ ತರುಣನ ಮನಸ್ಸು ಅದನ್ನು ಇನ್ನಷ್ಟು ಚುರುಕಾಗಿಸುವ ಕಡೆಗೆ ಓಡುತ್ತದೆ. ಇಂಜಿನಿನ ಕಂಪ್ಯೂಟರನ್ನು ತಿದ್ದಿಸಿ ಇಪ್ಪತ್ತು ಮೂವತ್ತು ಅಶ್ವಶಕ್ತಿ ಹೆಚ್ಚಿಸುವುದು, ಗುಡುಗುವ ಹೊಗೆಕೊಳವೆ ಹಾಕಿಸುವುದು, ಸ್ಪ್ರಿಂಗು ಬದಲಿಸಿ ಕಾರನ್ನು ತಗ್ಗಿಸುವುದು, ಕಣ್ಣು ಕುಕ್ಕುವ ದೀಪ ಕೂಡಿಸುವುದು ಇವು ಸಾಮಾನ್ಯ ಹಂಬಲಗಳು. ಇಲ್ಲಿ ಕಾನೂನು ಅಡ್ಡ ನಿಲ್ಲುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ನೋಂದಣಿಯಲ್ಲಿರುವ, ತಯಾರಕರು ನಿಗದಿಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ಇಂಥ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆಮನೆ, ಇಲ್ಲವೆ ಎರಡೂ ವಿಧಿಸಬಹುದು. ವಾರಂಟಿ ಹೋಗುವುದು, ಅಪಘಾತವಾದರೆ ವಿಮೆಯ ಹಣಕ್ಕೆ ತಕರಾರು ಏಳುವುದು ಇದರ ಮೇಲಿನ ನಷ್ಟ.

ಹಾಗಾದರೆ ಖರ್ಚು ಮಾಡಲು ಏನೂ ಇಲ್ಲವೆ? ಬೇಕಾದಷ್ಟಿದೆ, ಕಾನೂನೂ ಒಪ್ಪುತ್ತದೆ, ಘಟ್ಟವೂ ಒಪ್ಪುತ್ತದೆ.

ಮೊದಲನೆಯದು ಟೈರು. ಕಾರು ಭೂಮಿಯನ್ನು ಮುಟ್ಟುವುದು ನಾಲ್ಕು ಅಂಗೈಗಳಷ್ಟು ಜಾಗದಲ್ಲಿ. ಉಳಿದ ಎಲ್ಲ ಯಂತ್ರಗಳ ಪುರುಷಾರ್ಥವೂ ಆ ನಾಲ್ಕು ಅಂಗೈಗಳ ಮೂಲಕವೇ ನಡೆಯಬೇಕು. ಕಾನೂನಿಗೆ 1.6 ಮಿಲಿಮೀಟರ್ ಹೂವು ಸಾಕು. ಅಂಬೋಲಿಯ ಮಳೆಗೆ 3 ಮಿಲಿಮೀಟರಾದರೂ ಇರಲಿ. ತಯಾರಕರು ಹೇಳಿದ ಅಳತೆಯಲ್ಲಿಯೇ, ತೇವದ ರಸ್ತೆಯನ್ನು ಚೆನ್ನಾಗಿ ಹಿಡಿಯುವ ಒಳ್ಳೆಯ ಟೈರನ್ನು ಆರಿಸಬೇಕು. ಗಾಲಿಗಳ ಜೋಡಣೆಯನ್ನು ಸರಿಪಡಿಸಿ, ಗಾಳಿಯನ್ನು ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ನೋಡಿಸಬೇಕು.

ಎರಡನೆಯದು ಬ್ರೇಕು. ಐವರು ಕುಳಿತು ಸಾಮಾನು ತುಂಬಿದ ಕಾರಿನ ತೂಕ ಸುಮಾರು 1,600 ಕಿಲೋ ಎನ್ನೋಣ. ಅದು 600 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ, ಮೂವತ್ತು ಲೀಟರ್ ತಣ್ಣೀರನ್ನು ಕುದಿಸಲು ಸಾಕು! ಗಾಳಿಯ ತಡೆಯೂ ಇಂಜಿನಿನ ತಡೆಯೂ ಒಂದು ಪಾಲನ್ನು ನುಂಗಿಕೊಂಡರೂ, ಉಳಿದುದೆಲ್ಲ ಕಾಯಿಸುವುದು ಬ್ರೇಕಿನ ತಟ್ಟೆಗಳನ್ನೇ. ಪ್ಯಾಡುಗಳು ಮಿತಿಮೀರಿ ಕಾದರೆ ಹಿಡಿತ ಸಡಿಲುತ್ತದೆ. ಬ್ರೇಕಿನ ದ್ರವಕ್ಕೆ ಇನ್ನೊಂದು ದುರ್ಗುಣವಿದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ದ್ರವ ಕುದಿದು ಗುಳ್ಳೆಯೆದ್ದರೆ ಕಾಲ ಕೆಳಗಿನ ಪೆಡಲು ಮೆತ್ತಗಾಗಿ ನೆಲಕ್ಕಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಿಸಲು ತಗಲುವ ಹಣ ಒಂದು ಕುಟುಂಬದ ಒಂದು ಹೊತ್ತಿನ ಹೋಟೆಲೂಟದ ಹಣಕ್ಕಿಂತ ಬಹಳ ಹೆಚ್ಚಲ್ಲ.

ಇಂಜಿನಿನ ಶಕ್ತಿ ಹೆಚ್ಚಿಸಲು ಹೊರಟವನು ತೆಗೆದಿಟ್ಟ ಹಣದಲ್ಲೇ ಟೈರು, ಪ್ಯಾಡು, ದ್ರವ ಎಲ್ಲ ಮುಗಿದು ಕರದಂಟಿಗೂ ಒಂದಿಷ್ಟು ಉಳಿದೀತು.

ತಿರುವಿನ ಧರ್ಮ

ಇಷ್ಟಾದ ಮೇಲೂ ಉಳಿಯುವ ಒಂದು ಭಾಗ ಚಕ್ರ ಹಿಡಿದವನು. ಏರುವಾಗ ಯಾವ ಗೇರು ಬೇಕಾಗುತ್ತದೆಯೋ ಇಳಿಯುವಾಗಲೂ ಅದೇ ಗೇರಿನಲ್ಲಿರಬೇಕೆಂಬುದು ಲಾರಿ ಚಾಲಕರ ಹಳೆಯ ಪಾಠ. ಸಣ್ಣ ಟರ್ಬೊ ಇಂಜಿನಿಗೆ ಈ ಪಾಠ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಗಾತ್ರ ಚಿಕ್ಕದಾದಷ್ಟೂ ಇಂಜಿನು ತಾನಾಗಿ ಕಾರನ್ನು ಹಿಡಿದಿಡುವ ಬಲವೂ ಕಡಿಮೆ. ಗೇರು ತಾನೇ ಬದಲಾಗುವ ಕಾರಾದರೆ ಅದನ್ನು ಕೈಗೆ ತೆಗೆದುಕೊಂಡು ಎರಡನೆಯದಕ್ಕೋ ಮೂರನೆಯದಕ್ಕೋ ಇಳಿಸಬೇಕು. ಬ್ರೇಕಿನ ಮೇಲೆ ಸದಾ ಕಾಲೂರಿ ಇಳಿಯುವುದಕ್ಕಿಂತ, ತಿರುವಿಗೆ ಮುನ್ನ ದೃಢವಾಗಿ ಒತ್ತಿ ವೇಗ ತಗ್ಗಿಸಿ, ಮತ್ತೆ ಬಿಟ್ಟು, ಬ್ರೇಕಿಗೆ ಉಸಿರಾಡಲು ಎಡೆಗೊಡುವುದು ಒಳಿತು. ಗೇರು ತಪ್ಪಿಸಿ ಇಳಿಸಿ ಪೆಟ್ರೋಲು ಉಳಿಸುವ ಜಿಪುಣತನ ಮಾತ್ರ ಪ್ರಾಣಾಂತಿಕ.

ತಿರುವಿನಲ್ಲಿ ಕಾರನ್ನು ಹೊರಕ್ಕೆ ತಳ್ಳುವ ಬಲ ವೇಗದ ವರ್ಗದಂತೆ ಬೆಳೆಯುತ್ತದೆ. 40ರಲ್ಲಿ ಹೋಗುವ ತಿರುವನ್ನು 50ರಲ್ಲಿ ಹಿಡಿದರೆ ಹೆಚ್ಚಿದ್ದು ಹತ್ತೇ ಕಿಲೋಮೀಟರ್. ಟೈರಿನ ಮೇಲಿನ ಭಾರವಾದರೋ ಒಂದೂವರೆ ಪಟ್ಟನ್ನು ಮೀರುತ್ತದೆ. ಮಂಜು ಮುಸುಕಿದಾಗ ದೀಪವನ್ನು ಕೆಳಗೆ ಬಾಗಿಸಬೇಕು. ಎತ್ತರದ ಬೆಳಕು ಮಂಜಿನ ಗೋಡೆಗೆ ಬಡಿದು ನಮ್ಮ ಕಣ್ಣನ್ನೇ ಕುರುಡಾಗಿಸುತ್ತದೆ. ಕಿರಿದಾದ ಕಡೆ ಇಳಿಯುವವನು ಏರುವವನಿಗೆ ದಾರಿ ಬಿಡಬೇಕೆಂಬುದು ಸಭ್ಯತೆಯಷ್ಟೇ ಅಲ್ಲ, ರಸ್ತೆಯ ನಿಯಮವೂ ಹೌದು.

ಚಾಲಕನ ನೈಪುಣ್ಯವನ್ನು ಅಳೆಯಲು ಗಡಿಯಾರ ಬೇಕಾಗಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತ ತಾಯಿ ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿಕೊಂಡಿದ್ದರೆ ಅವನಿನ್ನೂ ಕಲಿಯಬೇಕು. ಕಿಟಕಿಯ ಹೊರಗಿನ ಜಲಪಾತವನ್ನು ಮಕ್ಕಳಿಗೆ ತೋರಿಸುತ್ತಿದ್ದರೆ ಅವನು ಕಲಿತಿದ್ದಾನೆ. ಘಟ್ಟವಿಳಿದು ಸಾವಂತವಾಡಿ ಮುಟ್ಟಿದರೆ ಆ ಮಕ್ಕಳಿಗೆ ಹಬ್ಬ. ಬಣ್ಣದ ಮರದ ಆಟಿಕೆಗಳಿಗೆ ಅದು ಹೆಸರಾದ ಊರು. ದಾರಿಯ ಈ ತುದಿಯ ಗೋಕಾಕವೂ ಮರದ ಬೊಂಬೆಗಳಿಗೆ ಹೆಸರಾದದ್ದೇ.

ಮರಳಿ ಬರುವಾಗ ಘಟ್ಟವನ್ನು ಏರಬೇಕು. ಟರ್ಬೊ ತನ್ನ ಸುಖವನ್ನು ಕೊಡುವುದು ಆಗ. ಪೂರ್ಣ ಶಕ್ತಿಯಿಂದ ಏರಿಸಿ ನಿಲ್ಲಿಸುವವರು ಒಂದು ನಿಮಿಷ ಇಂಜಿನನ್ನು ಸುಮ್ಮನೆ ತಿರುಗಲು ಬಿಟ್ಟು ಟರ್ಬೊವನ್ನು ತಣಿಸಿದರೆ ಅದರ ಆಯುಸ್ಸು ಹೆಚ್ಚುತ್ತದೆ.

ಆದರೆ ಪಯಣದ ಅತಿ ಕಠಿಣವಾದ ತಿರುವು ಘಟ್ಟದಲ್ಲಿಯೇ ಇದೆಯೆಂದು ತಿಳಿಯಬಾರದು. ಕಬ್ಬು ನುರಿಸುವ ಹಂಗಾಮಿನಲ್ಲಿ ಸಂಕೇಶ್ವರ ದಾಟಿ ಕತ್ತಲಲ್ಲಿ ಊರ ಕಡೆಗೆ ಬರುವಾಗ ರಸ್ತೆ ನೇರವಾಗುತ್ತದೆ, ದೂರ ಕಡಿಮೆಯಾಗುತ್ತದೆ, ಮನಸ್ಸು ಸಡಿಲಾಗುತ್ತದೆ, ಕಾಲು ಭಾರವಾಗುತ್ತದೆ. ಆಗಲೇ ಎದುರಿಗೆ ಎರಡೆರಡು ಟ್ರೇಲರು ಕಟ್ಟಿಕೊಂಡು, ಹಿಂಬದಿಯ ದೀಪವಿಲ್ಲದೆ, ಕಬ್ಬಿನ ಗುಡ್ಡವೊಂದು ನಡೆದು ಹೋಗುತ್ತಿರುತ್ತದೆ. ಅದನ್ನು ಕಂಡ ಕ್ಷಣದಲ್ಲಿ 150 ಅಶ್ವಗಳಲ್ಲಿ ಒಂದೂ ನೆರವಿಗೆ ಬಾರದು. ನೆರವಾಗುವುದು ಒಳ್ಳೆಯ ಟೈರು, ತಾಜಾ ದ್ರವ, ಮಿತವಾದ ವೇಗ. ಆ ಕಬ್ಬನ್ನು ಬೆಳೆದು ಕಾರು ಕೊಡಿಸಿದ ತಂದೆ ಕೇಳಿದ್ದೂ ಇಷ್ಟೇ. ಮಗ ಷೋರೂಮಿನಲ್ಲಿ ಸಹಿ ಹಾಕುವ ಮೊದಲೇ ಅದಕ್ಕೆ ಉತ್ತರ ಹುಡುಕಿಕೊಂಡರೆ, ಹಿರಣ್ಯಕೇಶಿಯ ಮೂಲವನ್ನು ಮನೆಮಂದಿಯೆಲ್ಲ ನಿಶ್ಚಿಂತೆಯಿಂದ ನೋಡಿಬರಬಹುದು.